ನಾಚಿಕೆಮುಳ್ಳಿನ ಗಡಿಗೆ

ನಮ್ಮೂರಲ್ಲಿ ಬೆಳಗ್ಗೆ ಎದ್ದ ಕೂಡಲೇ ಕಾಫಿ ಬೇಕೆನ್ನುವವರು ಕಾಫಿಪುಡಿಯನ್ನು ಸಂಜೆಮಲ್ಲಿಗೆಯ ಗಡಿಗೆಯಲ್ಲಿ ಹಾಕಿಡಬಾರದು. ಹೊಸದಾಗಿ ಸಂಸಾರ ಹೂಡಿದವರು ಈ ತಪ್ಪನ್ನು ಒಮ್ಮೆಯಾದರೂ ಮಾಡುತ್ತಾರೆ. ಆಮೇಲೆ ಬಾಯಿ ಮುಚ್ಚಿಕೊಂಡ ಗಡಿಗೆಯ ಮುಂದೆ ಕಣ್ಣುಜ್ಜುತ್ತ ಕೂತು, ಕೊನೆಗೆ ಲೋಟ ಹಿಡಿದು ಪಕ್ಕದ ಮನೆಗೆ ಹೋಗುತ್ತಾರೆ. ಪಾರಿಜಾತದ ಗಡಿಗೆಯನ್ನು ಅಟ್ಟದ ಮೇಲೆ ಇಡುವಂತಿಲ್ಲ, ಬೆಳಕು ಹರಿಯುವ ಮೊದಲೇ ಉದುರಿ ಬೀಳುತ್ತದೆ. ನೆಲದ ಮೇಲಿಟ್ಟರೆ ಸುಮ್ಮನೆ ಒಂದು ಮಗ್ಗುಲಿಗೆ ಹೊರಳಿ ಮಲಗುತ್ತದೆ, ಅಷ್ಟೇ. ದಾಸವಾಳದ ಬಟ್ಟಲು ಒಂದೇ ದಿನದ್ದು, ಸಂಜೆಗೆ ಮುದುಡಿ ಮಣ್ಣಾಗುತ್ತದೆ. ಹಾಗಾಗಿ ಮದುವೆಮನೆಯ ಪಾಯಸಕ್ಕೆ ಅದೇ ಅನುಕೂಲ, ತೊಳೆಯುವ ಕೆಲಸವಿಲ್ಲ. ಸೇವಂತಿಗೆ ಮಾತ್ರ ಗಟ್ಟಿ ಜೀವ. ಒಮ್ಮೆ ಅರಳಿದರೆ ವರ್ಷಗಟ್ಟಲೆ ಅರಳಿಕೊಂಡೇ ಇರುತ್ತದೆ, ಎಲ್ಲರ ಮನೆಯ ಉಪ್ಪೂ ಅದರಲ್ಲೇ.

ತಿಗರಿಯ ಮೇಲೆ ತಿರುಗಿಸಿದ ಮಡಕೆಗೆ ಇದೆಲ್ಲ ಬರುವುದಿಲ್ಲ. ಅದು ಬರೀ ಮಡಕೆ, ನೀರು ಹಾಕಿದರೆ ನೀರು, ರಾಗಿ ಹಾಕಿದರೆ ರಾಗಿ. ಹೂವನ್ನು ಎದುರಿಗಿಟ್ಟುಕೊಂಡು, ಮಣ್ಣನ್ನು ಕೈಯಲ್ಲೇ ತಟ್ಟಿ, ಎಸಳೆಸಳಾಗಿ ಮೇಲೆತ್ತಿ ಮಾಡಿದ ಗಡಿಗೆ ಮಾತ್ರ ಆ ಹೂವಿನ ನಡವಳಿಕೆ ಕಲಿಯುತ್ತದೆ. ಊರಿಗೆಲ್ಲ ಅಂಥ ಗಡಿಗೆ ಮಾಡುವವರು ಇಬ್ಬರೇ. ಮೇಲ್ಬೀದಿಯಲ್ಲಿ ನಾನು, ದೇವೀರಮ್ಮ. ಕೆಳಬೀದಿಯಲ್ಲಿ ನಿಂಗಾಜಮ್ಮ. ಗಡಿಗೆಗಳನ್ನು ಆವಿಗೆಯಲ್ಲಿ ಒಟ್ಟಿ ಬೆಂಕಿ ಹಾಕಿ ಸುಡುವುದು ನಮ್ಮೆಜಮಾನರು. ಆದರೆ ಹೆಸರೆಲ್ಲ ನನ್ನದು, ಆ ಹೆಸರಿನ ಜೊತೆಗೆ ಬಂದ ಬಾಯಿಯೂ ನನ್ನದೇ. ಗಿರಾಕಿ ಹೂವಿನ ಹೆಸರು ಹೇಳಿ ಮುಗಿಸುವ ಮೊದಲೇ ನಾನು ಮಣ್ಣಿಗೆ ಕೈ ಹಾಕಿರುತ್ತಿದ್ದೆ.

ಶ್ರಾವಣದಲ್ಲಿ ಕೆಳಬೀದಿಯ ಕೆಂಪಾಜಮ್ಮ ವೀಳ್ಯದೆಲೆ, ಅಡಿಕೆ ಹಿಡಿದು ನಮ್ಮ ಮನೆಗೆ ಬಂದಳು. ಗಡಿಗೆ ಮಾಡಿಕೊಡಿ ಎಂದು ಬಾಯಲ್ಲಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ವೀಳ್ಯ ಕೊಡಬೇಕು, ಅದನ್ನು ತೆಗೆದುಕೊಂಡರೆ ಒಪ್ಪಿದ ಹಾಗೆ. ಅವಳ ಮಗಳು ಸುಗುಣಳಿಗೆ ಅದೇ ಬೀದಿಯ ಮಾದೇಶನ ಜೊತೆ ಮದುವೆ ಗೊತ್ತಾಗಿತ್ತು. ಗಂಡಿನ ಗಡಿಗೆ ನಿಂಗಾಜಮ್ಮ ಮಾಡುತ್ತಾಳೆ, ಹೆಣ್ಣಿನ ಗಡಿಗೆ ಮೇಲ್ಬೀದಿಯ ದೇವೀರಮ್ಮನ ಕೈಯಿಂದಲೇ ಆಗಲಿ ಎಂದು ಕೆಂಪಾಜಮ್ಮನಿಗೆ ಆಸೆ. ನನಗೆ ಒಳಗೊಳಗೇ ಹಿಗ್ಗು.

"ಯಾವ ಹೂವು?" ಅಂದೆ.

"ಕೆರೆಹೂವು, ದೇವೀರಮ್ನೋರೆ. ಎರಡೂ ಗಡಿಗೆ ಕೆರೆಹೂವೇ."

"ಆಯ್ತು. ಸೂರ್ಯ ಹುಟ್ಟಿ ಬಿಸಿಲು ಬಲಿಯೋ ಹೊತ್ತಿಗೆ ಬಾಯಿಗೂಡಿಕೆ ಇಟ್ಕೊಳ್ಳಿ."

ಕೆಂಪಾಜಮ್ಮ ಸೆರಗು ಹಿಂಡಿದಳು. "ಬೆಳಗ್ಗೇನಾ? ನಮ್ಮ ಕಡೆ ಸಂಜೆ..."

"ಕೆರೆಹೂವು ಯಾವಾಗ ಅರಳುತ್ತೆ ಅಂತ ನನಗೆ ನೀನು ಹೇಳ್ಕೊಡ್ತೀಯಾ?" ಅಂದೆ. ನಗುನಗುತ್ತಲೇ ಅಂದೆ. ಅವಳೂ ನಕ್ಕು ಎದ್ದು ಹೋದಳು.

ಬಾಯಿಗೂಡಿಕೆ ಎಂದರೆ ನಮ್ಮೂರ ಮದುವೆಯ ಮುಖ್ಯ ಶಾಸ್ತ್ರ. ಹೆಣ್ಣಿನ ಗಡಿಗೆಯಲ್ಲಿ ಅಕ್ಕಿ, ಗಂಡಿನ ಗಡಿಗೆಯಲ್ಲಿ ಬೇಳೆ. ಎರಡೂ ಗಡಿಗೆ ಒಟ್ಟಿಗೆ ಬಾಯಿ ಬಿಟ್ಟಾಗ ಹುಡುಗಿ ಅದರಲ್ಲೊಂದು ಹಿಡಿ, ಇದರಲ್ಲೊಂದು ಹಿಡಿ ತೆಗೆದು ಒಲೆಗೆ ಇಡಬೇಕು. ಅಲ್ಲಿಂದ ಅವಳು ಆ ಮನೆಯವಳು. ಅದಾಗುವವರೆಗೆ ತಾಳಿ ಕಟ್ಟಿದ್ದರೂ ನೆಂಟಳೇ. ಗಳಿಗೆ ಗೊತ್ತುಮಾಡುವುದು ಹೆಣ್ಣಿನ ಗಡಿಗೆ ಮಾಡಿದವಳು. ಶಾಸ್ತ್ರದ ದಿನ ಅವಳನ್ನು ಚಾಪೆ ಹಾಸಿ ಕೂರಿಸುತ್ತಾರೆ. ಕೆಳಬೀದಿಯಲ್ಲಿ ಅದಕ್ಕೆ ಇನ್ನೊಂದು ಕಟ್ಟು ಇದೆ. ಚಾಪೆಯ ಮೇಲೆ ಕೂರಿಸಿದವರ ಮಾತಿಗೆ ಆವತ್ತೂ, ಆಮೇಲೂ ಎದುರಾಡುವಂತಿಲ್ಲ. ಅದು ನನಗೆ ಆಮೇಲೆ ತಿಳಿಯಿತು.

ಮದುವೆಯ ಬೆಳಗ್ಗೆ ನನ್ನ ಗಡಿಗೆ ಬಿಸಿಲು ತಾಕುತ್ತಲೇ ನಸುಗೆಂಪು ಎಸಳುಗಳನ್ನು ಒಂದೊಂದಾಗಿ ಬಿಟ್ಟುಕೊಂಡು ಪೂರ್ತಿ ಅರಳಿತು. ಒಳಗೆ ಅಕ್ಕಿ ಬೆಳ್ಳಗೆ ಕಂಡಿತು. ಮೇಲ್ಬೀದಿಯಿಂದ ಬಂದಿದ್ದ ನನ್ನವರೆಲ್ಲ ಆಹಾ ಅಂದರು. ಪಕ್ಕದಲ್ಲಿ ನಿಂಗಾಜಮ್ಮನ ಗಡಿಗೆ ಮುಚ್ಚಿಕೊಂಡೇ ಇತ್ತು. ಕಾದೆವು. ಬಿಸಿಲು ಚಪ್ಪರದ ಒಳಗೆ ಬಂತು, ಸುಗುಣಳ ಹಣೆಯ ಕುಂಕುಮ ಬೆವರಿಗೆ ಇಳಿಯಿತು, ಆ ಗಡಿಗೆ ಮಾತ್ರ ಮಿಸುಕಲಿಲ್ಲ. ನಿಂಗಾಜಮ್ಮ ಅದರ ಪಕ್ಕ ಕಲ್ಲಿನಂತೆ ಕೂತಿದ್ದಳು. ಊರಿನಲ್ಲಿ ನನ್ನಷ್ಟೇ ಬಾಯಿ ಇದ್ದ ಹೆಂಗಸೆಂದರೆ ಅವಳೇ. ಆವತ್ತು ಏನಾದರೂ ಹೇಳುತ್ತಾಳೆಂದು ನೋಡಿದೆ, ಹೇಳಲಿಲ್ಲ. ನಾನು ಸುಮ್ಮನಿರಬಹುದಿತ್ತು.

"ನಿಂಗಾಜಕ್ಕ, ಮಣ್ಣು ಹದವಾಗಿದ್ರೆ ಸಾಲದು, ಕೈಯೂ ಹದವಾಗಿರ್ಬೇಕು" ಅಂದೆ, ಚಪ್ಪರಕ್ಕೆಲ್ಲ ಕೇಳುವ ಹಾಗೆ. "ನಿನ್ನ ಕೈ ಸತ್ತು ಹೋಗಿದೆ. ಗೊತ್ತಿದ್ದೂ ಒಂದು ಸತ್ತ ಗಡಿಗೆ ತಂದು ಮದುವೆಮನೇಲಿ ಇಟ್ಟಿದ್ದೀಯಲ್ಲ, ಆ ಹುಡುಗಿ ಮುಖ ನೋಡಿದ್ಯಾ?"

ನನ್ನ ಕಡೆಯವರು ನಕ್ಕರು. ಕೆಳಬೀದಿಯವರು ಒಬ್ಬರೂ ನಗಲಿಲ್ಲ, ತಲೆ ಎತ್ತಲಿಲ್ಲ. ಅವಳ ಪರವಾಗಿ ಅವರಿಗೆ ನಾಚಿಕೆಯಾಗಿದೆ ಎಂದುಕೊಂಡೆ. ನಿಂಗಾಜಮ್ಮ ತುಟಿ ತೆರೆದಳು, ನನ್ನ ಚಾಪೆ ನೋಡಿದಳು, ತುಟಿ ಮುಚ್ಚಿದಳು. ಹೆಗಲ ಮೇಲಿನ ಟವೆಲನ್ನು ಗಡಿಗೆಯ ಮೇಲೆ ಹೊದಿಸಿ ಎದ್ದು ಹೋದಳು. ನಾನು ದಾಸವಾಳದ ಬಟ್ಟಲಲ್ಲಿ ಪಾಯಸ ಕುಡಿದು, ಇನ್ನೊಂದು ಬಟ್ಟಲು ಹಾಕಿಸಿಕೊಂಡು, ಸಂತೋಷವಾಗಿ ಮನೆಗೆ ಬಂದೆ.

ಆಮೇಲೆ ನಿಂಗಾಜಮ್ಮ ಮಣ್ಣು ಮುಟ್ಟಿಲ್ಲ ಎಂದು ಸುದ್ದಿ ಬಂತು. ಪಾಪ ಅಂದೆ. ಕೆಳಬೀದಿಯ ಗಿರಾಕಿಗಳು ಒಬ್ಬೊಬ್ಬರಾಗಿ ನನ್ನ ಕಡೆ ಬರಬಹುದೆಂದು ಹೆಚ್ಚಿಗೆ ಮಣ್ಣು ತರಿಸಿ ನೆನೆಹಾಕಿದೆ. ಯಾರೂ ಬರಲಿಲ್ಲ. ಕೆಂಪಾಜಮ್ಮ ಮಾತ್ರ ಆಗಾಗ ಬರುತ್ತಿದ್ದಳು. ಹಿತ್ತಲ ಹೀರೇಕಾಯಿ, ಒಂದಿಷ್ಟು ಹುರುಳಿ, ಏನಾದರೊಂದು ಮಡಿಲಲ್ಲಿ ಕಟ್ಟಿಕೊಂಡು ಬಂದು, ಕೂತು, ಏನೋ ಹೇಳಲು ಹೊರಟು ಮಳೆ ಬಿಸಿಲಿನ ಮಾತಾಡಿ ಎದ್ದು ಹೋಗುತ್ತಿದ್ದಳು.

"ಮಗಳು ಹೇಗಿದ್ದಾಳೆ?" ಅಂತ ಒಂದು ಸಲ ಕೇಳಿದೆ.

"ಅವ್ಳೆ. ನೆಂಟರ ಥರ ನೋಡ್ಕೋತಾವ್ರೆ" ಅಂದಳು, ನನ್ನ ಮುಖವನ್ನೇ ನೋಡುತ್ತ.

"ಪುಣ್ಯ ಮಾಡಿದ್ದಾಳೆ ಬಿಡು!" ಅಂದೆ ನಾನು.

ಇದನ್ನು ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ನಿಂಗಾಜಮ್ಮ ಆ ಸತ್ತ ಗಡಿಗೆ ವಾಪಸು ಎತ್ತಿಕೊಂಡು ಹೋಗಿರುತ್ತಾಳೆ, ಗಂಡಿನ ಕಡೆಯವರು ಬೇರೆ ಮಾಡಿಸಿರುತ್ತಾರೆ, ಶಾಸ್ತ್ರ ಮುಗಿದಿರುತ್ತದೆ ಎಂದೇ ನಾನು ತಿಳಿದಿದ್ದೆ. ಯಾರ ಕೈಯಲ್ಲಿ ಮಾಡಿಸುತ್ತಾರೆ ಎಂಬ ಯೋಚನೆ ಕೂಡ ತಲೆಗೆ ಬರಲಿಲ್ಲ. ಮಾಡುವವರು ನಾವಿಬ್ಬರೇ, ಒಬ್ಬಳು ಕೈ ಕಟ್ಟಿ ಕೂತಿದ್ದಾಳೆ, ಇನ್ನೊಬ್ಬಳು ನಾನು.

ದಸರೆಯ ಮಾರನೆಯ ಸಂಜೆ ಕೆಳಬೀದಿಗೆ ಹೋದೆ. ಹೋದದ್ದು ಹೊಗಳಿಸಿಕೊಳ್ಳುವುದಕ್ಕೆ, ಬೇರೆ ಏನಕ್ಕೂ ಅಲ್ಲ. ನನ್ನ ಗಡಿಗೆ ಹೊಸ ಸಂಸಾರದಲ್ಲಿ ಹೇಗೆ ಕೂತಿದೆ ನೋಡೋಣ, ಹಬ್ಬದ ಉಂಡೆ ಕೊಟ್ಟ ಹಾಗೂ ಆಯಿತು ಎಂದು. ದೀಪ ಹಚ್ಚುವ ಹೊತ್ತಾದ ಮೇಲೆ ಮೇಲ್ಬೀದಿಯ ಹೆಂಗಸರು ಹೊಸಲು ದಾಟುವುದಿಲ್ಲ. ಕೆರೆಯ ಕಡೆಗಂತೂ ಇಲ್ಲವೇ ಇಲ್ಲ. ಆವತ್ತು ಉಂಡೆ ಕಟ್ಟುವುದು ತಡವಾಗಿ, ಹೊರಟಿದ್ದೇ ತಡವಾಯಿತು.

ಮಾದೇಶ ಜಗುಲಿಯ ಮೇಲೆ ಹಾಸಿಗೆ ಬಿಡಿಸುತ್ತಿದ್ದ. ನನ್ನನ್ನು ಕಂಡು ಗಡಬಡಿಸಿ ಎದ್ದು ನಿಂತ. ಒಳಗೆ ಸುಗುಣ ಚಾಪೆಯ ಮೇಲೆ ಕೂತಿದ್ದಳು, ಮುಂದೆ ತಟ್ಟೆಯಲ್ಲಿ ಹಣ್ಣು, ಪಕ್ಕದಲ್ಲಿ ಬರಿದಾದ ನೀರಿನ ಚೊಂಬು, ಥೇಟ್ ಊರಿಂದ ಬಂದವರಿಗೆ ಇಟ್ಟ ಹಾಗೆ. ನನಗೆ ಕುಡಿಯಲು ನೀರು ತರಲಿಕ್ಕೆ ಎದ್ದವಳು ಅಡುಗೆಮನೆಯ ಬಾಗಿಲಲ್ಲಿ ನಿಂತುಬಿಟ್ಟಳು. ಅತ್ತೆಯನ್ನು ಕೂಗಿದಳು. ಅತ್ತೆ ಹಿತ್ತಲಲ್ಲಿದ್ದಳು, ಕೇಳಿಸಲಿಲ್ಲ.

"ನೀನೇ ತಗೊಂಡು ಬಾರೇ" ಅಂದೆ.

"ನಾನು ಒಳಗೆ ಹೋಗಂಗಿಲ್ಲ ದೊಡ್ಡವ್ವ" ಅಂದಳು. "ಇನ್ನೂ ನೆಂಟಳೇ ಅಲ್ವಾ."

ಮೂಲೆಯಲ್ಲಿ ನನ್ನ ಗಡಿಗೆ ಇತ್ತು. ಸಂಜೆಯಾಗಿದ್ದರಿಂದ ಮುಚ್ಚಿಕೊಂಡಿತ್ತು. ಅದರ ಪಕ್ಕದಲ್ಲಿ ನಿಂಗಾಜಮ್ಮನ ಟವೆಲು ಹೊದ್ದ ಗಡಿಗೆ. ಅದನ್ನು ಇನ್ನೂ ಯಾಕೆ ಇಟ್ಟುಕೊಂಡಿದ್ದೀರಿ ಅಂತ ಕೇಳುವಷ್ಟರಲ್ಲಿ ಸುಗುಣ ಟವೆಲು ಎತ್ತಿದಳು. ಗಡಿಗೆ ಪೂರ್ತಿ ಅರಳಿತ್ತು. ಬಿಳಿ ಎಸಳು, ಚೂಪು ತುದಿ, ಒಳಗೆ ಹಳದಿ ಬೇಳೆ. ಅಷ್ಟು ತೆಳ್ಳಗೆ ಎಸಳು ತಟ್ಟುವುದು ನನ್ನಿಂದ ಆಗುವುದಿಲ್ಲ. ಅದು ನೋಡಿದ ಕೂಡಲೇ ಗೊತ್ತಾಯಿತು.

"ಇದು ತೆರ್ಕೊಂಡಿದೆಯಲ್ಲೇ!"

"ದಿನಾ ತೆರ್ಕೋತದೆ, ದೀಪ ಹಚ್ಚೋ ಹೊತ್ಗೆ. ಕೆರೆಹೂವಲ್ವಾ" ಅಂದಳು ಆ ಹುಡುಗಿ, ಒಂದು ಚೂರೂ ವ್ಯಂಗ್ಯವಿಲ್ಲದೆ.

"ಮತ್ತೆ ನಂದು?"

ಅವಳು ಕಾಲಿನ ಹೆಬ್ಬೆರಳಲ್ಲಿ ನೆಲ ಕೆರೆದಳು. "ನಿಮ್ದು ತಾವರೆ, ದೊಡ್ಡವ್ವ. ನಾವು ಕೆರೆಹೂವು ಅನ್ನೋದು ನೈದಿಲೇಗೆ."

ಕೆರೆ ಒಂದೇ. ನಾವು ಮೇಲ್ಬೀದಿಯವರು ಬೆಳಗ್ಗೆ ಸ್ನಾನಕ್ಕೆ, ನೀರಿಗೆ ಹೋಗುತ್ತೇವೆ. ಆಗ ತಾವರೆ ಅರಳಿರುತ್ತದೆ, ನೈದಿಲೆ ಮುಚ್ಚಿಕೊಂಡು ಯಾವುದೋ ಜೊಂಡಿನ ಮೊಗ್ಗಿನ ಹಾಗಿರುತ್ತದೆ. ಕೆಳಬೀದಿಯವರು ಕೆರೆಯಾಚೆಯ ಇಟ್ಟಿಗೆ ಗೂಡುಗಳಿಗೆ ನಸುಕಿನಲ್ಲೇ ಹೋಗಿ ಸಂಜೆ ಏರಿಯ ಮೇಲೆ ವಾಪಸು ಬರುತ್ತಾರೆ. ಅವರ ಕಣ್ಣಿಗೆ ಬೀಳುವುದು ಅರಳಿದ ನೈದಿಲೆ. ಒಂದೇ ಮಾತನ್ನು ಎರಡು ಬೀದಿಯವರು ಎರಡು ಹೂವಿಗೆ ಇಟ್ಟುಕೊಂಡು ಇಷ್ಟು ಕಾಲ ಸುಖವಾಗಿದ್ದರು. ಕೆಂಪಾಜಮ್ಮ ಸಂಜೆ ಎಂದು ಬಾಯಿ ತೆರೆದಿದ್ದಳು. ನಾನು ಮುಚ್ಚಿಸಿದ್ದೆ.

"ಎಲ್ರಿಗೂ ಗೊತ್ತಿತ್ತಾ? ಮದುವೆ ದಿನಾನೇ?"

ಸುಗುಣ ಟವೆಲನ್ನು ಮತ್ತೆ ಗಡಿಗೆಯ ಮೇಲೆ ಹೊದಿಸಿದಳು. "ನೀವು ಚಾಪೆ ಮೇಲೆ ಕೂತಿದ್ರಲ್ಲ" ಅಂದಳು.

ಉಂಡೆಯ ಡಬ್ಬ ಅಲ್ಲೇ ಬಿಟ್ಟು ಹೊರಟೆ. ಕೆರೆ ಏರಿಯ ಮೇಲೆ ಬರಲಿಲ್ಲ, ಹಿತ್ತಲುಗಳ ಸಂದಿಯಲ್ಲಿ ತಲೆ ತಗ್ಗಿಸಿಕೊಂಡು ಬಂದೆ. ಭೂಮಿ ಬಾಯಿ ಬಿಡಬಾರದೇ ಎಂದು ಜನ ಅನ್ನುವುದನ್ನು ಕೇಳಿದ್ದೆ, ನಾನೂ ಅಂದಿದ್ದೆ. ಅದರ ಅರ್ಥ ಏನೆಂದು ಆವತ್ತು ತಿಳಿಯಿತು. ನಾನು ತಪ್ಪು ಹೂವು ಮಾಡಿದ್ದು ದೊಡ್ಡದಲ್ಲ, ಅದು ಯಾರಿಗಾದರೂ ಆಗುವಂಥದ್ದು. ನೂರಾರು ಜನ ಸತ್ಯ ಗೊತ್ತಿದ್ದೂ ನನ್ನ ಮರ್ಯಾದೆ ಕಾಯಲು ತಲೆ ಬಗ್ಗಿಸಿ ಕೂತಿದ್ದರಲ್ಲ, ನಾನು ಅವರ ಮಧ್ಯೆ ಕೂತು ಇನ್ನೊಬ್ಬಳ ಕೈ ಸತ್ತಿದೆ ಅಂದೆನಲ್ಲ, ಆಮೇಲೆ ಪಾಯಸ ಕುಡಿದೆನಲ್ಲ, ಆ ಎರಡನೇ ಬಟ್ಟಲು ಗಂಟಲಿಗೆ ಬಂದು ನಿಂತಿತು.

ನಮ್ಮಲ್ಲಿ ಮದುವೆಯ ಗಡಿಗೆ ಬದಲಿಸಬೇಕಾದರೆ ಅದನ್ನು ಮಾಡಿದವಳೇ ಬಂದು, ತನ್ನ ಕೈಯಾರೆ ವಾಪಸು ಎತ್ತಿಕೊಂಡು ಹೋಗಬೇಕು. ಆಮೇಲೆಯೇ ಬೇರೆಯವರು ಮಾಡಬಹುದು. ಕೆಂಪಾಜಮ್ಮ ಹೀರೇಕಾಯಿ ತಂದು ತಂದು ಕೇಳಲಾಗದೆ ಹೋಗುತ್ತಿದ್ದುದು ಇದನ್ನೇ. ಇಷ್ಟು ಗೊತ್ತಾದ ಮೇಲೂ ನಾನು ನೆಟ್ಟಗೆ ಯೋಚಿಸಿದೆನೇ? ಇಲ್ಲ. ನಮ್ಮೆಜಮಾನರನ್ನು ಕಳಿಸಿ ಬುಟ್ಟಿ ಮುಚ್ಚಿ ತರಿಸಲೇ ಎಂದುಕೊಂಡೆ. ಗಡಿಗೆಯಲ್ಲಿ ಬಿರುಕು ಬಿಟ್ಟಿದೆ ಎಂದು ನೆವ ಹೇಳಲೇ ಎಂದುಕೊಂಡೆ. ಕೆಂಪಾಜಮ್ಮ ಇನ್ನೊಂದು ಸಲ ಗಟ್ಟಿಯಾಗಿ ಹೇಳಬೇಕಿತ್ತು, ತಪ್ಪು ಅವಳದೇ ಎಂದು ಕೂಡ ಒಂದು ಗಳಿಗೆ ಅನ್ನಿಸಿತು. ಅನ್ನ ಸೇರಲಿಲ್ಲ. ನಮ್ಮೆಜಮಾನರು ನೋಡುವಷ್ಟು ನೋಡಿದರು.

"ಏನೇ, ನೀನು ಊಟ ಬಿಟ್ರೆ ಆ ಹುಡುಗಿ ಒಲೆ ಹಚ್ಚೋಕಾಗುತ್ತಾ?" ಅಂದರು.

ಕೋಪ ಬಂತು. ಎದ್ದು ಊಟ ಮಾಡಿದೆ. ಮಾರನೆಯ ದಿನ ಗದ್ದೆಯ ಬದುವಿಗೆ ಹೋಗಿ ನಾಚಿಕೆಮುಳ್ಳು ಕಿತ್ತುಕೊಂಡು ಬಂದೆ. ಕೈಯೆಲ್ಲ ತರಚಿತು.

ನಾಚಿಕೆಮುಳ್ಳಿನ ಗಡಿಗೆಯನ್ನು ನಮ್ಮೂರಲ್ಲಿ ಯಾರೂ ಮಾಡುವುದಿಲ್ಲ. ಮುಟ್ಟಿದರೆ ಮುಚ್ಚಿಕೊಳ್ಳುವ ಗಡಿಗೆಯಿಂದ ಯಾರಿಗೆ ಏನು ಉಪಯೋಗ? ಅದರ ಹೂವು ಪಾಪ ಸುಮ್ಮನಿರುತ್ತದೆ, ಮುದುಡುವುದು ಎಲೆ. ಹಾಗಾಗಿ ಹೊಟ್ಟೆಯನ್ನು ಹೂವಿನ ಹಾಗೆ ಗುಂಡಗೆ ತಟ್ಟಿ, ಬಾಯಿಯ ಸುತ್ತ ಸಣ್ಣ ಸಣ್ಣ ಎಲೆಗಳನ್ನು ಜೋಡಿಸಿದೆ. ಆವಿಗೆಯಿಂದ ತೆಗೆಯುವಾಗ ನಮ್ಮೆಜಮಾನರ ಕೈ ತಾಕಿ ಸರ್ರನೆ ಮುಚ್ಚಿಕೊಂಡಿತು. "ಇದರಲ್ಲಿ ಮಜ್ಜಿಗೆ ಇಟ್ರೆ ಬೆಕ್ಕಿಗೂ ಇಲ್ಲ, ನಮಗೂ ಇಲ್ಲ" ಅಂದರು. ಅದು ಬಿಚ್ಚಿಕೊಂಡ ಮೇಲೆ ಒಳಗೆ ವೀಳ್ಯದೆಲೆ, ಅಡಿಕೆ ಇಟ್ಟೆ.

ಹಾಡಹಗಲು, ತಾವರೆ ಪೂರ್ತಿ ಅರಳಿರುವ ಹೊತ್ತು ನೋಡಿಕೊಂಡು ಮಾದೇಶನ ಮನೆಗೆ ಹೋದೆ. ಸುಗುಣಳ ಅತ್ತೆ ಮೊರ ಹಿಡಿದಳು, ನಾನು ಅಕ್ಕಿ ಸುರಿದೆ. ಅರಳಿದ ಗಡಿಗೆಯನ್ನು ಸೊಂಟದ ಮೇಲಿಟ್ಟುಕೊಂಡು, ಇನ್ನೊಂದು ಕೈಯಲ್ಲಿ ನಾಚಿಕೆಮುಳ್ಳಿನ ಗಡಿಗೆಯ ಬುಟ್ಟಿ ಹಿಡಿದುಕೊಂಡು ಕೆಳಬೀದಿಯ ನಡುವೆ ನಡೆದೆ. ಜಗುಲಿಗಳ ಮೇಲಿದ್ದ ಮುದುಕಿಯರು, ಬಾಣಂತಿಯರು ನೋಡಿದರು. ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಎಲ್ಲರೂ ಮತ್ತೆ ತಲೆ ಬಗ್ಗಿಸಿದರು.

ನಿಂಗಾಜಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನು ತಾವರೆಯ ಗಡಿಗೆಯನ್ನು ಅವಳ ಮುಂದೆ ಕೆಳಗಿಟ್ಟೆ. ಪಕ್ಕದಲ್ಲಿ ಇನ್ನೊಂದನ್ನು ಇಟ್ಟೆ. ಬುಟ್ಟಿಯಲ್ಲಿ ಅಲುಗಾಡಿ ಅದು ಮುಚ್ಚಿಕೊಂಡಿತ್ತು.

"ಕೈ ಸತ್ತೋಳು ಕಾಳು ಬಿಡಿಸ್ಬೋದಲ್ವ ದೇವೀರಿ? ಅದ್ಕೂ ನಿನ್ ಅಪ್ಪಣೆ ಬೇಕಾ?" ಅಂದಳು, ತಲೆ ಎತ್ತದೆ.

"ನಿಂಗಾಜಕ್ಕ, ನಾನು..." ಅಂದೆ. ಮುಂದಿನದು ಬರಲಿಲ್ಲ. ಜೀವಮಾನವೆಲ್ಲ ಮಾತಾಡಿದ ಬಾಯಿ.

"ಏನದು?"

"ವೀಳ್ಯ. ಸುಗುಣಂಗೆ ಕೆರೆಹೂವಿನ ಗಡಿಗೆ ನೀನೇ ಮಾಡ್ಕೊಡ್ಬೇಕು."

"ಮುಚ್ಕೊಂಡದಲ್ಲ."

"ಬಿಚ್ಚುತ್ತೆ. ಕೈ ಬಿಟ್ಟು ಕಾಯ್ಬೇಕು."

ಕಾದೆವು. ಎಲೆಗಳು ಮೆಲ್ಲಗೆ ಬಿಚ್ಚಿಕೊಂಡವು, ಒಳಗಿನ ಹಸಿರು ಕಂಡಿತು. ನಿಂಗಾಜಮ್ಮ ಬಗ್ಗಿ ನೋಡಿದಳು. ತೋರುಬೆರಳು ಚಾಚಿ ಬಾಯಂಚನ್ನು ಟಕ್ಕನೆ ಮುಟ್ಟಿದಳು. ಗಡಿಗೆ ಮುಚ್ಚಿಕೊಂಡಿತು.

"ಆವತ್ತು ಚಪ್ಪರದಲ್ಲಿ ಏನಂದೆ ನೀನು?" ಅಂದಳು.

ಹೇಳಿದೆ.

"ಕೇಳಿಸ್ನಿಲ್ಲ. ಆವತ್ತು ಎಲ್ರಿಗೂ ಕೇಳಂಗೆ ಅಂದಿದ್ದೆ."

ಜೋರಾಗಿ ಹೇಳಿದೆ. ಎದುರು ಮನೆಯ ಬಾಗಿಲು ತೆರೆಯಿತು. ಗಡಿಗೆ ಬಿಚ್ಚಿಕೊಂಡಿತು, ಅವಳು ಮುಟ್ಟಿದಳು. "ಯಾರ ಕೈ ಸತ್ತಿತ್ತು?" ನನಗೆ ಕಣ್ಣು ತುಂಬಿತು. "ನಿನ್ನ ಕೈ ಸತ್ತಿರಲಿಲ್ಲ ಅಕ್ಕ. ನನಗೆ ಹೂವೇ ಗೊತ್ತಿರಲಿಲ್ಲ. ಕೇಳೋ ಬುದ್ಧಿಯೂ ಇರಲಿಲ್ಲ" ಅಂದೆ. ಜನ ಸೇರಿದ್ದರು. ಕೆಂಪಾಜಮ್ಮ ಹಿಂದೆ ಎಲ್ಲೋ ಬಿಕ್ಕುತ್ತಿದ್ದಳು. ನಿಂಗಾಜಮ್ಮ ಕಾಳು ಬಿಡಿಸುತ್ತ, ಗಡಿಗೆ ಬಿಚ್ಚಿಕೊಂಡಾಗಲೆಲ್ಲ ಒಂದು ಬೆರಳು ಚಾಚುತ್ತ ಮಧ್ಯಾಹ್ನವೆಲ್ಲ ನನ್ನನ್ನು ಕೂರಿಸಿಕೊಂಡಳು. ಚಾಪೆ ಹಾಕಲಿಲ್ಲ. ತಾವರೆ ಎಸಳು ಮಡಚಲು ಶುರುಮಾಡಿತು. ನಾಚಿಕೆಮುಳ್ಳು ಕೂಡ ಹೊತ್ತು ಮುಳುಗಿದರೆ ತಾನಾಗಿ ಮುದುಡುತ್ತದೆ, ಆಮೇಲೆ ಬೆಳಗಿನವರೆಗೆ ಬಿಚ್ಚುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ನಾಳೆಯೂ ಬಂದು ಕೂರಬೇಕು ಎಂದುಕೊಂಡೆ. ಎದ್ದು ಹೋಗಬೇಕು ಅಂತ ಮಾತ್ರ ಅನ್ನಿಸಲಿಲ್ಲ.

ಬಿಸಿಲು ಸೂರಿಗೆ ಏರಿದಾಗ ಅದು ಕೊನೆಯ ಸಲ ಬಿಚ್ಚಿಕೊಂಡಿತು. ನಿಂಗಾಜಮ್ಮ ಅವರೆ ಸಿಪ್ಪೆ ಕೊಡವಿ, ಎರಡು ಬೆರಳನ್ನು ಒಳಗೆ ಇಳಿಸಿ, ಒಂದೇ ಒಂದು ಎಲೆಗೂ ತಾಕಿಸದೆ ವೀಳ್ಯ ಎತ್ತಿಕೊಂಡಳು. ಬೀದಿಯೆಲ್ಲ ಉಸಿರು ಬಿಟ್ಟಿತು.

"ನೈದಿಲೆ ಅರಳೋದು ಯಾವತ್ತಾದ್ರೂ ನೋಡಿದ್ಯಾ?" ಅಂದಳು.

"ಇಲ್ಲ."

"ಎದ್ದೇಳು."

ದೀಪ ಹಚ್ಚುವ ಹೊತ್ತಿನಲ್ಲಿ ನಾನು ಕೆರೆ ಏರಿಯ ಮೇಲೆ ಅವಳ ಪಕ್ಕ ನಿಂತು ನೋಡಿದೆ. ಜೊಂಡು ಎಂದುಕೊಂಡಿದ್ದ ಮೊಗ್ಗುಗಳು ನೀರಿನ ಮೇಲೆ ಒಂದೊಂದಾಗಿ ಬಿಳಿಯಾದವು. ಅಷ್ಟು ವಯಸ್ಸಾಗಿ, ಅದೇ ಕೆರೆಯ ನೀರು ಕುಡಿದು, ಅದನ್ನು ನೋಡಿರಲಿಲ್ಲ. ಇಟ್ಟಿಗೆ ಗೂಡಿನಿಂದ ಬರುತ್ತಿದ್ದವರು ನಮ್ಮನ್ನು ನೋಡಿ ದಾರಿ ಬಿಟ್ಟು ಹೋದರು.

ಕಾರ್ತಿಕದಲ್ಲಿ ಸುಗುಣಳ ಬಾಯಿಗೂಡಿಕೆ ಕೊನೆಗೂ ಆಯಿತು, ಸಂಜೆ. ಎರಡು ನೈದಿಲೆಗಳೂ ಒಟ್ಟಿಗೆ ಬಾಯಿ ಬಿಟ್ಟವು. ಹುಡುಗಿ ಒಂದು ಹಿಡಿ ಅಕ್ಕಿ, ಒಂದು ಹಿಡಿ ಬೇಳೆ ತೆಗೆದುಕೊಂಡು ಅಡುಗೆಮನೆಯ ಹೊಸಲು ದಾಟಿದಳು. ಚಾಪೆಯ ಮೇಲೆ ನಿಂಗಾಜಮ್ಮ ಕೂತಿದ್ದಳು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಸುಗುಣ ಮೊದಲ ಸಲ ತನ್ನ ಕೈಯಾರೆ ನೀರು ತಂದು ನನಗೆ ಕೊಟ್ಟಳು. ಕುಡಿಯಲು ಬಹಳ ಹೊತ್ತು ಹಿಡಿಯಿತು.

ನಾಚಿಕೆಮುಳ್ಳಿನ ಗಡಿಗೆ ವಾಪಸು ತರಲು ಹೋಗಿದ್ದೆ. ನಿಂಗಾಜಮ್ಮ ಕೊಡಲಿಲ್ಲ. "ಇಲ್ಲೇ ಇರ್ಲಿ ಬಿಡು, ಚೆನ್ನಾಗದೆ" ಅಂದಳು. ಜಗುಲಿಯ ಮೇಲೆ, ಬೀದಿಗೆ ಕಾಣುವ ಹಾಗೆ ಇಟ್ಟುಕೊಂಡಿದ್ದಾಳೆ. ಈಗ ಮಣ್ಣಿನ ಹದ ಕೇಳಲು, ನೈದಿಲೆಯ ಎಸಳು ತಟ್ಟುವುದನ್ನು ಕಲಿಯಲು ನಾನು ವಾರಕ್ಕೊಮ್ಮೆಯಾದರೂ ಆ ಕಡೆ ಹೋಗುತ್ತೇನೆ. ನಾನು ಬೀದಿಯ ತಿರುವಿನಲ್ಲಿ ಕಾಣುತ್ತಲೇ ಅವಳು ಏನೂ ಅನ್ನದೆ ಬೆರಳು ಚಾಚಿ ಗಡಿಗೆಯನ್ನು ಮುಟ್ಟುತ್ತಾಳೆ. ಅದು ಮುಚ್ಚಿಕೊಳ್ಳುತ್ತದೆ. ನನ್ನ ಮೈಯೂ ಮುದುಡುತ್ತದೆ. ಬೈಯುವುದಿಲ್ಲ, ನಗುವುದಿಲ್ಲ, ಒಳಗೆ ಬಾ ಎಂದೂ ಕರೆಯುವುದಿಲ್ಲ. ಗಡಿಗೆ ಬಿಚ್ಚಿಕೊಂಡ ಮೇಲೆ ಬಾ ಕಾಫಿ ಕುಡಿ ಅನ್ನುತ್ತಾಳೆ. ಅಲ್ಲಿಯವರೆಗೆ ನಾನು ಬೀದಿಯಲ್ಲೇ ನಿಂತಿರುತ್ತೇನೆ.